ಖಾತೆಯೂ ಮೈಗ್ರೇಟ್, ಹಕ್ಕಿಯೂ ಮೈಗ್ರೇಟ್

ಪ್ರಶ್ನೆ: ಮಾನ್ಯರೇ, ಇಂಗ್ಲಿಷಿನ ‘ಮೈಗ್ರೇಟ್’ ಎಂದರೆ ವಲಸೆ ಹೋಗುವುದು ಎಂದು ಶಾಲೆಯಲ್ಲಿ ಕಲಿತಿದ್ದೆ. ಈಚೆಗೆ ನಮ್ಮ ಬ್ಯಾಂಕಿನಿಂದ, ನನ್ನ ಖಾತೆ ಹೊಸ ವ್ಯವಸ್ಥೆಗೆ ಮೈಗ್ರೇಟ್ ಆಗಿದೆ ಎಂಬ ಸಂದೇಶ ಬಂತು. ತಮ್ಮನ ಆಸ್ಪತ್ರೆಯ ಚೀಟಿಯಲ್ಲಿ ಹೊಟ್ಟೆನೋವು ಮೈಗ್ರೇಟ್ ಆಯಿತೆಂದು ವೈದ್ಯರು ಬರೆದಿದ್ದಾರೆ. ಖಾತೆಯೂ ನೋವೂ ವಲಸೆ ಹೋಗುವುದು ಹೇಗೆ? ಈ ಪದವನ್ನು ಎಲ್ಲೆಲ್ಲಿ ಬಳಸಬಹುದು? (ಹಾವೇರಿಯ ಓದುಗರೊಬ್ಬರು)

ಉತ್ತರ: ನೀವು ಕಲಿತದ್ದು ಸರಿ, ಆದರೆ ಅದು ಆ ಪದದ ಒಂದು ಬಳಕೆಗೆ ಮಾತ್ರ ಹೊಂದುವ ಅರ್ಥ. ಲ್ಯಾಟಿನ್ ಮೂಲದಿಂದ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಕ್ರಿಯಾಪದದ ತಿರುಳು ಇದ್ದ ನೆಲೆಯನ್ನು ಬಿಟ್ಟು ಇನ್ನೊಂದು ನೆಲೆಗೆ ಸಾಗುವುದು. ಹಾಗೆ ಸಾಗುವುದು ಮನುಷ್ಯನೇ ಆಗಿರಬೇಕೆಂದೇನೂ ಇಲ್ಲ. ಕನ್ನಡದ ‘ವಲಸೆ’ಯನ್ನು ನಾವು ಜನರಿಗೂ ಪ್ರಾಣಿಪಕ್ಷಿಗಳಿಗೂ ಮೀಸಲಿಟ್ಟಿರುವುದರಿಂದ ಉಳಿದ ಬಳಕೆಗಳು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತವೆ.

ಜನರ ವಿಷಯದಲ್ಲಿ ಈ ಪದ ಹೋದವರು ಮರಳುತ್ತಾರೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಪಕ್ಷಿಗಳ ವಿಷಯದಲ್ಲಿ ಮಾತ್ರ ಮರಳುವಿಕೆ ಅರ್ಥದೊಳಗೇ ಸೇರಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬಿಸಿಲು ಬಲಿಯುವ ಹೊತ್ತಿಗೆ ಮತ್ತೆ ಬಡಗಣ ದಿಕ್ಕಿಗೆ ಹೊರಡುತ್ತವೆ, ಮತ್ತು ಇಂಗ್ಲಿಷಿನಲ್ಲಿ ಆ ಎರಡೂ ಪಯಣಗಳು ಮೈಗ್ರೇಷನ್ನೇ. ಜನರ ಇಂಥ ಹೋಗಿಬರುವಿಕೆಗೆ ನಮ್ಮಲ್ಲಿ ‘ಗುಳೆ’ ಎಂಬ ಬೇರೆಯೇ ಪದವಿದೆ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯ ಕೂಲಿಕಾರರು ಊರಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿ, ಮಳೆ ಬಿದ್ದಾಗ ಹೊಲಕ್ಕೆ ಮರಳುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಸೀಸನಲ್’ ಎಂಬ ವಿಶೇಷಣವನ್ನು ಮುಂದೆ ಸೇರಿಸಲೇಬೇಕು. ಬರೇ ಮೈಗ್ರೇಷನ್ ಎಂದು ಬರೆದರೆ ಅವರು ಊರು ತೊರೆದೇ ಬಿಟ್ಟರೆಂಬ ತಪ್ಪು ತಿಳಿವಳಿಕೆಗೆ ಎಡೆಯಾಗುತ್ತದೆ.

ಇನ್ನು ನೋವಿನ ವಿಚಾರ. ನಿಮ್ಮ ತಮ್ಮನ ಚೀಟಿಯಲ್ಲಿರುವ ಪದವನ್ನು ವೈದ್ಯರು ಬಹಳ ಎಚ್ಚರದಿಂದ ಆಯ್ದು ಬರೆದಿರುತ್ತಾರೆ. ಅಪೆಂಡಿಕ್ಸ್ ಉರಿಯೂತದಲ್ಲಿ ನೋವು ಸಾಮಾನ್ಯವಾಗಿ ಮೊದಲು ಹೊಕ್ಕುಳಿನ ಸುತ್ತ ಮಂಕಾಗಿ ಶುರುವಾಗಿ, ಕೆಲವು ಗಂಟೆಗಳ ನಂತರ ಅಲ್ಲಿಂದ ಸರಿದು ಕಿಬ್ಬೊಟ್ಟೆಯ ಬಲಭಾಗದಲ್ಲಿ ಚುಚ್ಚುವಂತೆ ನೆಲೆಗೊಳ್ಳುತ್ತದೆ. ಈ ಸ್ಥಳಾಂತರವೇ ರೋಗವನ್ನು ಗುರುತಿಸಲು ನೆರವಾಗುವ ಮುಖ್ಯ ಸುಳಿವುಗಳಲ್ಲೊಂದು. ಇದರ ಪಕ್ಕದಲ್ಲಿ ‘ರೇಡಿಯೇಟ್’ ಎಂಬ ಇನ್ನೊಂದು ಪದವನ್ನು ಇಟ್ಟು ನೋಡಬೇಕು. ಹೃದಯಾಘಾತದಲ್ಲಿ ಎದೆನೋವು ಎಡಗೈಗೂ ಹಬ್ಬಬಹುದು, ಆದರೆ ಎದೆಯ ನೋವು ಎದೆಯಲ್ಲೇ ಉಳಿದಿರುತ್ತದೆ. ಮೊದಲ ಜಾಗವನ್ನು ಬಿಟ್ಟು ಸರಿದರೆ ಮೈಗ್ರೇಟ್, ಬಿಡದೆ ಹರಡಿದರೆ ರೇಡಿಯೇಟ್. ರುಮಾಟಿಕ್ ಜ್ವರದಲ್ಲಿ ಒಂದು ಕೀಲಿನ ಊತ ಇಳಿಯುತ್ತಿರುವಾಗಲೇ ಇನ್ನೊಂದು ಕೀಲು ಊದಿಕೊಳ್ಳುವುದನ್ನೂ ಇದೇ ಪದದಿಂದ ವರ್ಣಿಸುತ್ತಾರೆ. ಆದ್ದರಿಂದ ವೈದ್ಯರ ಮುಂದೆ ಕುಳಿತಾಗ ನೋವು ಎಲ್ಲಿದೆ ಎಂಬುದರ ಜೊತೆಗೆ ಮೊದಲು ಎಲ್ಲಿತ್ತು, ಅಲ್ಲಿ ಈಗಲೂ ಇದೆಯೇ ಎಂಬುದನ್ನು ಕನ್ನಡದಲ್ಲೇ ಸ್ಪಷ್ಟವಾಗಿ ಹೇಳಿ. ಪದದ ಆಯ್ಕೆ ಅವರಿಗಿರಲಿ.

ಪ್ಲಾಸ್ಟಿಕ್ ಡಬ್ಬಿಯ ರಾಸಾಯನಿಕ ಅದರೊಳಗಿನ ಆಹಾರಕ್ಕೆ ಇಳಿಯುವುದೂ, ಕಚ್ಚಾತೈಲ ತಾನು ಹುಟ್ಟಿದ ಬಂಡೆಯಿಂದ ಬೇರೆ ಬಂಡೆಪದರಕ್ಕೆ ಸರಿಯುವುದೂ ವಿಜ್ಞಾನದ ಇಂಗ್ಲಿಷಿನಲ್ಲಿ ಮೈಗ್ರೇಷನ್ನೇ.

ಬ್ಯಾಂಕಿನ ಸಂದೇಶದಲ್ಲಿರುವುದು ಕಂಪ್ಯೂಟರ್ ಕಾಲದಲ್ಲಿ ಬೆಳೆದ ಬಳಕೆ, ಮತ್ತು ವ್ಯಾಕರಣದ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಹಕ್ಕಿಗಳು ತಾವಾಗಿ ಹೋಗುತ್ತವೆ, ಅಲ್ಲಿ ಕ್ರಿಯೆಗೆ ಕರ್ಮ ಬೇಕಿಲ್ಲ. ಖಾತೆಯನ್ನಾದರೋ ಯಾರಾದರೂ ಸಾಗಿಸಬೇಕು. ‘ಮೈಗ್ರೇಟ್ ಆಯಿತು’, ‘ಮೈಗ್ರೇಟ್ ಮಾಡಿದರು’ ಎಂದು ನಾವು ‘ಆಗು’, ‘ಮಾಡು’ಗಳ ಮೂಲಕ ಬೇರ್ಪಡಿಸುವುದನ್ನು ಇಂಗ್ಲಿಷ್ ಒಂದೇ ರೂಪದಲ್ಲಿ ಹೇಳಿಬಿಡುತ್ತದೆ. ಹೀಗಾಗಿ ದತ್ತಾಂಶದ ಬಗ್ಗೆ ‘ವಾಸ್ ಮೈಗ್ರೇಟೆಡ್’ ಎಂದು ಬರೆಯುವುದು ಸರಿ, ಹಕ್ಕಿಗಳ ಬಗ್ಗೆ ‘ವರ್ ಮೈಗ್ರೇಟೆಡ್’ ಎಂದು ಬರೆಯುವುದು ತಪ್ಪು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಂಥ ಸಂದರ್ಭಗಳಲ್ಲಿ ಒಂದು ಬ್ಯಾಂಕಿನ ಎಲ್ಲ ಖಾತೆಗಳನ್ನೂ ಇನ್ನೊಂದರ ತಂತ್ರಾಂಶಕ್ಕೆ ಹೊಂದಿಸಿ ಸಾಗಿಸಬೇಕಾಗುತ್ತದೆ. ನಕಲು ಮಾಡಿದರೆ ಮೂಲ ಹಾಗೆಯೇ ಉಳಿಯುತ್ತದೆ. ಇಲ್ಲಿ ವ್ಯವಹಾರವೆಲ್ಲ ಹೊಸ ಕಡೆಗೆ ಹೋಗಿ ಹಳೆಯ ವ್ಯವಸ್ಥೆ ನಿಲ್ಲುತ್ತದೆ. ಆದರೂ ಗ್ರಾಹಕರಿಗೆ ಕಳಿಸುವ ಸಂದೇಶದಲ್ಲಿ ‘ನಿಮ್ಮ ಖಾತೆಯನ್ನು ಹೊಸ ವ್ಯವಸ್ಥೆಗೆ ವರ್ಗಾಯಿಸಲಾಗಿದೆ, ನಿಮ್ಮ ಹಣ ಹಾಗೆಯೇ ಇದೆ’ ಎಂದು ಬರೆಯುವುದು ಬ್ಯಾಂಕುಗಳ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಪಿಂಚಣಿಯೊಂದನ್ನೇ ನಂಬಿಕೊಂಡ ವೃದ್ಧರು ಖಾತೆ ಮೈಗ್ರೇಟ್ ಆಯಿತೆಂದು ಓದಿ ಗಾಬರಿಯಾದರೆ ಅದು ಅವರ ತಪ್ಪಲ್ಲ.

ಒಂದೇ ಊರಿನಲ್ಲಿ ಬಾಡಿಗೆಮನೆ ಬದಲಿಸಿದ್ದಕ್ಕೆ ಈ ಪದ ಬೇಡ. ಅಲ್ಲಿ ‘ಮೂವ್’ ಸಾಕು. ಆದರೆ ಮದುವೆಮನೆಯಲ್ಲಿ ಧಾರೆ ಮುಗಿದೊಡನೆ ನೆಂಟರೆಲ್ಲ ಮೆಲ್ಲಮೆಲ್ಲನೆ ಊಟದ ಹಾಲಿನತ್ತ ಸರಿದರೆಂದು ಹೇಳಲು ಇಂಗ್ಲಿಷಿನವರು ಮೈಗ್ರೇಟ್ ಎಂದಾರು. ಇದು ಸಲುಗೆಯ ಮಾತಿನ ಬಳಕೆಯಾದ್ದರಿಂದ ಅರ್ಜಿಯಲ್ಲೋ ವರದಿಯಲ್ಲೋ ಬರೆಯುವುದು ಸಲ್ಲದು.

ಪ್ರಶ್ನೆ: ಮಗಳು ಕೆನಡಾದಲ್ಲಿ ನೆಲೆಸಿದ್ದಾಳೆ. ಅವಳು ‘ಎಮಿಗ್ರೇಟ್’ ಆದಳೋ, ‘ಇಮಿಗ್ರೇಟ್’ ಆದಳೋ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಎರಡೂ ಹೌದು, ನೋಡುವವರು ನಿಂತ ಜಾಗ ಬೇರೆ, ಅಷ್ಟೆ. ನಿಮ್ಮ ಕಡೆಯಿಂದ ಅವಳು ಭಾರತವನ್ನು ಬಿಟ್ಟು ಹೋದವಳು, ಆದ್ದರಿಂದ ‘ಎಮಿಗ್ರೇಟ್’, ಅದರ ಜೊತೆಗೆ ‘ಫ್ರಮ್’. ಕೆನಡಾದವರ ಪಾಲಿಗೆ ಅವಳು ಬಂದು ನೆಲೆಸಿದವಳು, ಆದ್ದರಿಂದ ‘ಇಮಿಗ್ರೇಟ್’, ಅದರ ಜೊತೆಗೆ ‘ಟು’. ನಾವು ‘ವಲಸೆ ಹೋದಳು’, ‘ವಲಸೆ ಬಂದಳು’ ಎನ್ನುವಾಗ ಮಾಡುವ ಭೇದವೇ ಇದು. ಬರಿಯ ‘ಮೈಗ್ರೇಟ್’ಗೆ ಈ ದಿಕ್ಕಿನ ಹಂಗಿಲ್ಲ, ಒಂದೇ ದೇಶದೊಳಗಿನ ಪಯಣಕ್ಕೂ ಅದು ಸಲ್ಲುತ್ತದೆ. ನಮ್ಮ ಜನಗಣತಿಯಂತೂ ಹಿಂದಿನ ವಾಸಸ್ಥಳ ಬೇರೆಯಾಗಿದ್ದವರನ್ನೆಲ್ಲ ವಲಸಿಗರೆಂದೇ ಎಣಿಸುತ್ತದೆ. ಮದುವೆಯಾಗಿ ಪಕ್ಕದ ಹಳ್ಳಿಗೆ ಹೋದ ಹೆಣ್ಣುಮಗಳೂ ಆ ಲೆಕ್ಕದಲ್ಲಿ ಸೇರುತ್ತಾಳೆ. ದಿನಬಳಕೆಯ ಇಂಗ್ಲಿಷಿನಲ್ಲಿ ಅವಳನ್ನು ಯಾರೂ ಹಾಗೆ ಕರೆಯಲಾರರು.

ಪ್ರಶ್ನೆ: ‘ಮೈಗ್ರೇಷನ್ ಸರ್ಟಿಫಿಕೇಟ್’ ವಲಸೆಯ ಕಾಗದವೇ? (ಪದವಿ ಮುಗಿಸಿದ ವಿದ್ಯಾರ್ಥಿನಿ)

ಉತ್ತರ: ದೇಶದ ಗಡಿಗೂ ಅದಕ್ಕೂ ಸಂಬಂಧವಿಲ್ಲ. ನೀವು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಲು ತನ್ನ ಆಕ್ಷೇಪಣೆ ಇಲ್ಲವೆಂದು ಓದಿದ ವಿಶ್ವವಿದ್ಯಾಲಯ ಕೊಡುವ ಪ್ರಮಾಣಪತ್ರ ಅದು. ಇದು ನಮ್ಮ ಕಡೆಯ ಶಿಕ್ಷಣ ವ್ಯವಸ್ಥೆಯಲ್ಲಿ ರೂಢಿಯಾದ ಹೆಸರು. ಹೊರದೇಶದ ವಿಶ್ವವಿದ್ಯಾಲಯಕ್ಕೆ ಕಳಿಸುವಾಗ ಅದು ಏನೆಂಬುದನ್ನು ಒಂದು ಸಾಲಿನಲ್ಲಿ ವಿವರಿಸಿ ಲಗತ್ತಿಸಿ.