ಮೂರು ತಿಂಗಳ ಇಂಜೆಕ್ಷನ್ ಈಗಲೇ ಬಿಡಬಹುದಾ?

ಮಕ್ಕಳಾಗದಂತೆ ಹಾಕಿಸಿಕೊಳ್ಳುವ ಮೂರು ತಿಂಗಳ ಇಂಜೆಕ್ಷನ್ ಐದು ವಾರದ ಹಿಂದೆ ತಗೊಂಡೆ, ಅವತ್ತಿಂದ ರಕ್ತದ ಕಲೆ ನಿಂತೇ ಇಲ್ಲ, ಈಗಲೇ ಬಿಡಬಹುದಾ ಅಂತ ಕೇಳಿದ್ದೀರಿ. ಬಿಡಬಹುದು, ಆದರೆ "ಈಗಲೇ" ಅನ್ನೋದು ಆಗಲ್ಲ. ಮಾತ್ರೆ ಆಗಿದ್ದರೆ ಇವತ್ತಿಂದ ನುಂಗಲ್ಲ ಅನ್ನಬಹುದಿತ್ತು, ಕಾಪರ್ ಟಿ ಆಗಿದ್ದರೆ ತೆಗೆಸಬಹುದಿತ್ತು. ಸೂಜಿಯಲ್ಲಿ ಒಳಗೆ ಹೋಗಿದ್ದನ್ನು ವಾಪಸ್ ತೆಗೆಯೋಕೆ ಬರಲ್ಲ, ಅದು ಅಲ್ಲೇ ಕೂತು ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತಾ ಇರುತ್ತದೆ. ಬಿಡೋದು ಅಂದ್ರೆ ಮುಂದಿನ ಡೋಸಿಗೆ ಹೋಗದೆ ಇರೋದು, ಅಷ್ಟೇ.

ನಾನು ನಾಲ್ಕು ಡೋಸ್ ತಗೊಂಡು ಬಿಟ್ಟವಳು. ನನಗೂ ಮೊದಲ ಡೋಸಿನಲ್ಲಿ ಇದೇ ಗೋಳು. ಧಾರಾಳವಾಗಿ ಏನೂ ಹೋಗುತ್ತಿರಲಿಲ್ಲ, ಕಂದು ಬಣ್ಣದ ಕಲೆ, ಇವತ್ತು ನಿಂತಿತು ಅಂದುಕೊಂಡರೆ ನಾಳೆ ಮತ್ತೆ. ಕ್ಯಾಲೆಂಡರಿನಲ್ಲಿ ಕಲೆ ಕಂಡ ದಿನಕ್ಕೆ ಒಂದು ಚುಕ್ಕೆ, ಪ್ಯಾಡ್ ನೆನೆದ ದಿನಕ್ಕೆ ಎರಡು ಚುಕ್ಕೆ ಇಡುತ್ತಾ ಹೋದೆ, ಎರಡನೇ ತಿಂಗಳ ಹಾಳೆ ದಡಾರ ಎದ್ದ ಮೈ ಥರ ಆಗಿತ್ತು. ಬಾಯಲ್ಲಿ ಹೇಳಿದಾಗ "ಸರಿಹೋಗುತ್ತೆ" ಅಂದಿದ್ದ ಡಾಕ್ಟರು ಆ ಹಾಳೆ ನೋಡಿ, ಚುಕ್ಕೆ ಎಣಿಸಿ, ಐದು ದಿನಕ್ಕೆ ಮೆಫೆನಾಮಿಕ್ ಆಸಿಡ್ ಅನ್ನೋ, ರಕ್ತ ಹೋಗೋದನ್ನು ಕಮ್ಮಿ ಮಾಡುವ ನೋವಿನ ಮಾತ್ರೆ ಬರೆದುಕೊಟ್ಟರು. ಕಮ್ಮಿ ಆಯಿತು. ಹಾಗಾಗಿ ನೀವೂ ಚುಕ್ಕೆ ಇಡಿ, ಸುಮ್ನೆ ತಡಕೊಂಡು ಕೂರಬೇಡಿ.

ಮೂರನೇ ಡೋಸಿನ ಹೊತ್ತಿಗೆ ಮುಟ್ಟೇ ನಿಂತುಹೋಯಿತು. ಆಗ ಇನ್ನೊಂದು ಭಯ, ಬಸಿರಾದೆನೋ ಅಂತ ಎರಡು ಸಲ ಟೆಸ್ಟ್ ಮಾಡಿಕೊಂಡೆ! ಒಂದು ವರ್ಷ ತಗೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಮುಟ್ಟು ನಿಲ್ಲುತ್ತದಂತೆ, ಇದನ್ನು ಮೊದಲೇ ಹೇಳಬಹುದಿತ್ತು ಅಲ್ವಾ? ಕೆಟ್ಟ ರಕ್ತ ಒಳಗೇ ಸೇರಿಕೊಳ್ಳುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಗರ್ಭಕೋಶದ ಒಳಪದರ ತೆಳ್ಳಗೇ ಇರುತ್ತದೆ, ಹೊರಗೆ ಬರೋಕೆ ಏನೂ ಇರಲ್ಲ.

ನಾನು ಬಿಟ್ಟಿದ್ದು ಕಲೆಗಲ್ಲ, ತಲೆನೋವು ಮತ್ತು ತೂಕಕ್ಕೆ. ಐದು ಕೆಜಿ ಏರಿದ್ದೆ. ಎಲ್ಲಾ ಸೂಜಿಯದೇ ತಪ್ಪು ಅನ್ನಲ್ಲ, ಆದರೆ ತೂಕ ಏರೋದು ಇದರಲ್ಲಿ ಇದ್ದದ್ದೇ. ವರ್ಷಗಟ್ಟಲೆ ತಗೊಂಡರೆ ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಬಹುಪಾಲು ವಾಪಸ್ ಬರುತ್ತದೆ. ಒಂದೇ ಡೋಸ್ ತಗೊಂಡ ನೀವು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬಿಟ್ಟ ಮೇಲಿನ ಕಥೆ ಬೇರೆ. ಮುಟ್ಟು ಸರಿಯಾಗಿ ಶುರುವಾಗೋಕೆ ನನಗೆ ಕೊನೇ ಸೂಜಿಯಿಂದ ಏಳು ತಿಂಗಳು ಹಿಡಿಯಿತು. ಮಗು ಬೇಕು ಅನ್ನುವವರು ಬಸಿರಾಗೋಕೆ ಕೊನೇ ಡೋಸಿನಿಂದ ಸರಾಸರಿ 10 ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಬಂಜೆತನ ಬರುತ್ತೆ ಅನ್ನೋದು ಸುಳ್ಳು, ತಡ ಆಗೋದು ನಿಜ. ಹಾಗಂತ ಆ ತಡವನ್ನೇ ನಂಬಿಕೊಂಡು ಕೂರಬೇಡಿ, ಕೆಲವರಿಗೆ ಬೇಗನೇ ಅಂಡ ಬಿಡುಗಡೆ ಆಗಿಬಿಡುತ್ತದೆ. ಮಗು ಬೇಡ ಅಂದ್ರೆ, ಮುಂದಿನ ಡೋಸ್ ಯಾವ ದಿನ ಇತ್ತೋ ಆ ದಿನದಿಂದಲೇ ಕಾಂಡೋಮ್ ಅಥವಾ ಬೇರೇನಾದರೂ ಶುರು ಮಾಡಿ.

ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಅಥವಾ ಕಣ್ಣು ಮಂಜಾಗಿ ಜೋರು ತಲೆನೋವು ಬಂದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಇಲ್ಲ ಅಂದ್ರೆ ನಿಮ್ಮ ಮುಂದಿನ ಡೋಸಿಗೆ ಇನ್ನೂ ಏಳೆಂಟು ವಾರ ಇದೆ, ಅಷ್ಟರಲ್ಲಿ ಚುಕ್ಕೆ ಕಮ್ಮಿ ಆಗುತ್ತಿವೆಯಾ ನೋಡಿ ತೀರ್ಮಾನ ಮಾಡಿ.