12 ಪುಟಗಳ ಸಂಹಿತೆಗೆ ಸಹಿ ಹಾಕುವ ಮೊದಲು

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಸಂಸ್ಕರಣಾ ಘಟಕವಿದೆ. ಸುತ್ತಲಿನ ಊರುಗಳ ಸುಮಾರು ಮೂವತ್ತು ಕುಟುಂಬಗಳು ಒಣಗಿಸಿ ತರುವ ಉಪ್ಪಾಗೆಯ (ಕಾಡಿನ ಒಂದು ಹುಳಿಹಣ್ಣು) ಸಿಪ್ಪೆಯನ್ನು ಕೊಂಡು, ಹಸನು ಮಾಡಿ, ಹೊರ ಊರಿನ ಕಂಪನಿಯೊಂದಕ್ಕೆ ಕಳಿಸುತ್ತೇವೆ. ಬಾಲಕಾರ್ಮಿಕರನ್ನು ದುಡಿಸಬಾರದು, ಕಾಡಿಗೆ ಹಾನಿಯಾಗಬಾರದು ಎಂದೆಲ್ಲ ಇರುವ 12 ಪುಟಗಳ ‘ಸರಬರಾಜುದಾರರ ನೀತಿಸಂಹಿತೆ’ಗೆ ಸಹಿ ಹಾಕುವಂತೆ ಕಂಪನಿ ಈಗ ಕೇಳಿದೆ. ಆದರೆ ನಮ್ಮ ಹಣ ಕೈಸೇರಲು ಮೂರು ತಿಂಗಳು ಹಿಡಿಯುತ್ತದೆ. ಸಹಿ ಹಾಕಬಹುದೆ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಸಂಹಿತೆ ಕೇಳುವುದೆಲ್ಲ ನ್ಯಾಯವಾದದ್ದೇ, ಅದನ್ನು ಒಪ್ಪಲು ಹಿಂಜರಿಯಬೇಡಿ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಸಾಮಾಜಿಕ ಮತ್ತು ಪರಿಸರ ಹೊಣೆಗಾರಿಕೆಯ ವರದಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದ ಮೇಲೆ ಇಂಥ ಕಾಗದಗಳು ಸಣ್ಣ ಊರುಗಳಿಗೂ ಬರತೊಡಗಿವೆ. ನನ್ನ ತಕರಾರು ಒಂದೇ: ಅದರಲ್ಲಿ ನಿಮ್ಮ ಕರ್ತವ್ಯಗಳಿವೆ, ಕೊಳ್ಳುವವರ ಕರ್ತವ್ಯಗಳಿಲ್ಲ.

ಉಪ್ಪಾಗೆಯನ್ನೇ ನೋಡಿ. ಅದು ಹಣ್ಣಾಗುವುದು ಜಡಿಮಳೆಯ ದಿನಗಳಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಒಲೆಯ ಮೇಲೆ ಹರಡಿ ಹಗಲಿರುಳು ಬೆಂಕಿ ಹಾಕಬೇಕು; ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅದನ್ನು ಮಗುಚಿ ಹಾಕುವ ಮನೆಯ ಹೆಂಗಸರನ್ನು ನೀವು ಕಂಡೇ ಇರುತ್ತೀರಿ. ತೂಕ ಇಳಿಸುವ ಗುಳಿಗೆಗಳಿಗಾಗಿ ಇದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ 1990ರ ದಶಕದಲ್ಲಿ ಬೇಡಿಕೆ ಏರಿದಾಗ, ತಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನೆಂಬ ಅವಸರದಲ್ಲಿ ಹಸಿರು ಕಾಯನ್ನೇ ಕೊಯ್ಯುವುದು, ಟೊಂಗೆಯನ್ನೇ ಕಡಿಯುವುದು ಹೆಚ್ಚಿತು. ಬಲಿಯದ ಕಾಯಿಯ ಬೀಜದಿಂದ ಹೊಸ ಗಿಡ ಏಳುವುದಿಲ್ಲ. ಆದ್ದರಿಂದ ಕಾಡು ಉಳಿಯಬೇಕೆನ್ನುವ ಕಂಪನಿಯು ಹಂಗಾಮಿಗೆ ಮೊದಲೇ, ಮೇ ತಿಂಗಳಲ್ಲಿ ದರ ಹೇಳಬೇಕು, ಮಾಗಿದ ಹಣ್ಣಿನ ಸಿಪ್ಪೆಗೆ ಹೆಚ್ಚು ಕೊಡಬೇಕು, ಕಟ್ಟಿಗೆ ಉಳಿಸುವ ಸುಧಾರಿತ ಒಲೆಗಳ ಖರ್ಚಿನಲ್ಲಿ ಪಾಲು ಹಾಕಬೇಕು.

ಹಣದ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರಂತೆ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಗಡುವು ಮೀರಿದ ಬಾಕಿಯನ್ನು ಕಂಪನಿಯು ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು. ನಿಮಗೆ ‘ಉದ್ಯಮ್’ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಇಲ್ಲದಿದ್ದರೆ ಮುಂದಿನ ಸರಕು ಕಳಿಸುವ ಮೊದಲೇ ಮಾಡಿಸಿಕೊಳ್ಳಿ, ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ನಮೂದಿಸಿ. ದೂರು ಕೊಡಲು ಸರ್ಕಾರದ ಜಾಲತಾಣವಿದೆ. ಆದರೆ ವ್ಯವಹಾರ ಉಳಿಯಬೇಕಾದರೆ ಮೊದಲು ಪತ್ರ ಬರೆದು ಕೇಳುವುದೇ ಲೇಸು.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಈ ಕಾಯ್ದೆ ನಿಮ್ಮನ್ನು ಕಾಯುತ್ತದೆಯೇ ಹೊರತು, ಎಲ್ಲಿಯೂ ನೋಂದಣಿಯಿಲ್ಲದ ಆ ಮೂವತ್ತು ಕುಟುಂಬಗಳನ್ನಲ್ಲ. ಅವರ ಪಾಲಿಗೆ ನೀವೇ ಕಂಪನಿ. ಕಂಪನಿಯ ಹಣ ಬರಲಿಲ್ಲವೆಂದು ಅವರನ್ನು ಕಾಯಿಸುತ್ತಿದ್ದೀರಾ? ಮಳೆಗಾಲದ ಕೈಕಷ್ಟಕ್ಕೆ ಮುಂಗಡ ಕೊಟ್ಟು, ಅದೇ ನೆಪದಲ್ಲಿ ದರ ಇಳಿಸುತ್ತಿದ್ದೀರಾ? ತೇವಾಂಶಕ್ಕೆಂದು ಮುರಿದುಕೊಳ್ಳುವ ತೂಕ ಎಷ್ಟೆಂದು ಅವರಿಗೆ ಗೊತ್ತಿದೆಯೆ? ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಎಂಬ ಮಾರಾಟ ಸಹಕಾರ ಸಂಘ ಕಟ್ಟಿಕೊಂಡರು. ವರ್ತಕರು ದರ ಬರೆದುಕೊಡುವ ಅಲ್ಲಿನ ಟೆಂಡರಿನಲ್ಲಿ ತನ್ನ ರಾಶಿಗೆ ಬಂದ ದರವನ್ನು ಬೆಳೆಗಾರ ತಿಳಿದುಕೊಳ್ಳಬಲ್ಲ. ಉಪ್ಪಾಗೆ ತರುವವರಿಗೆ ಅಂಥ ಅಂಗಳವಿಲ್ಲ.

ಆದ್ದರಿಂದ ಸಂಹಿತೆಗೆ ಸಹಿ ಹಾಕಿ, ಜೊತೆಗೆ ಒಂದು ಪುಟದ ಪತ್ರವನ್ನೂ ಲಗತ್ತಿಸಿ: ಮೇ ತಿಂಗಳಲ್ಲಿ ದರ, 45 ದಿನಗಳೊಳಗೆ ಹಣ, ಒಲೆಗಳಲ್ಲಿ ಪಾಲು, ಮತ್ತು ಕೊಯ್ಲಿನ ವೇಳೆ ಕಂಪನಿಯವರೊಬ್ಬರು ಬಂದು ಒಂದು ದಿನ ಒಲೆಯ ಬಳಿ ನಿಂತು ನೋಡಬೇಕೆಂಬ ಕೋರಿಕೆ. ಅದೇ ವಾರ ನಿಮ್ಮ ಘಟಕದ ಗೋಡೆಗೆ ಆ ದಿನದ ದರ ಮತ್ತು ತೇವಾಂಶದ ಕಡಿತವನ್ನು ಕನ್ನಡದಲ್ಲಿ ಬರೆದು ಹಾಕಿ, ಚೀಲ ಹೊತ್ತು ತಂದವರಿಗೆ ಕಾಣುವಂತೆ ತಕ್ಕಡಿಯ ಮುಖವನ್ನು ಅವರತ್ತ ತಿರುಗಿಸಿಡಿ.