ತೀರ್ಥಹಳ್ಳಿ ಕಡೆಯ ಡಿಗ್ರಿ ಮಕ್ಕಳಿಗೆ ಆನ್‌ಲೈನ್ ಕೋರ್ಸ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ವಿಡಿಯೋ ಆಮೇಲೆ. ಮೊದಲು ಕೊನೆಯ ಪರೀಕ್ಷೆಯ ಪ್ರಶ್ನೆಗಳನ್ನು ಬರೆದಿಡಿ. ಯಾವ ಪಾಠ ಬೇಕು, ಯಾವುದು ಸುಮ್ನೆ ಭಾರ ಅಂತ ಆಗಲೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಕಡೆ ನೆಟ್‌ವರ್ಕೂ ಹೋಯಿತು, ಅಲ್ವಾ? ಲೈವ್ ಕ್ಲಾಸನ್ನೇ ನಂಬಬೇಡಿ. 2002ರಿಂದ ಇರುವ ಮೂಡಲ್ ಆನ್‌ಲೈನ್ ಕೋರ್ಸ್ ನಡೆಸುವ ಉಚಿತ ತಂತ್ರಾಂಶ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ಮೂಡಲ್‌ಗೆ ಸರ್ವರ್ ಇಟ್ಟು ನೋಡಿಕೊಳ್ಳುವ ಗೋಳು ಬೇಡವೆಂದರೆ ಗೂಗಲ್ ಕ್ಲಾಸ್‌ರೂಮ್ ಸಾಕು.

ಗಂಟೆಯ ಪಾಠವನ್ನು ಆರೇಳು ನಿಮಿಷದ ತುಂಡು ಮಾಡಿ, ಪ್ರತಿ ತುಂಡಿಗೂ ಒಂದೆರಡು ಪ್ರಶ್ನೆ ಇಡಿ. ಅಡಿಕೆ ಕೊಳೆರೋಗದ ಪಾಠವಾದರೆ, ಅದಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಮಿಶ್ರಣದ ಬಗ್ಗೆ ‘ಬೋರ್ಡೋ ದ್ರಾವಣಕ್ಕೆ ಸುಣ್ಣ ಯಾಕೆ?’ ಅಂತ ಕೇಳಿ. ತಪ್ಪಿದವರಿಗೆ ಬರೀ ‘ತಪ್ಪು’ ಅಂತ ತೋರಿಸಿದರೆ ಏನೂ ಉಪಯೋಗವಿಲ್ಲ. ಸುಣ್ಣವಿಲ್ಲದಿದ್ದರೆ ಮೈಲುತುತ್ತದ ಹುಳಿಗೆ ಎಲೆ ಸುಡುತ್ತದೆ ಎಂಬ ಕಾರಣ ಅಲ್ಲೇ, ಆಗಲೇ ಕಾಣಬೇಕು.